ಹರಳಾಗಲೊಲ್ಲದ ಉಪ್ಪು

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪ್ರಯೋಗಾಲಯದ ಮೂಲೆಯ ಕೋಣೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು: 'ಸದ್ದು ಮಾಡಬೇಡಿ, ಎಬ್ಬಿಸಬೇಡಿ.' ರಾತ್ರಿ ಪಾಳಿಯವರು ಯಾರೋ ಮಲಗಿರಬೇಕು ಅಂದುಕೊಂಡೆ. ಸಂಬಳ ಕೊಡುವ ಜಾಗದಲ್ಲಿ ವಿನಯ ತೋರಿಸಿದರೆ ನಷ್ಟವಿಲ್ಲವೆಂದು ದಿನಾ ಬೆಳಿಗ್ಗೆ ಬಾಗಿಲ ಮುಂದೆ ಒಂದು ಲೋಟ ಕಾಫಿ ಇಟ್ಟು ತುದಿಗಾಲಲ್ಲಿ ವಾಪಸಾಗುತ್ತಿದ್ದೆ. ಸ್ವಲ್ಪ ಹೊತ್ತಿಗೆ ಲೋಟ ಖಾಲಿಯಾಗಿರುತ್ತಿತ್ತು. ಕೊನೆಗೊಂದು ದಿನ ಪ್ರಯೋಗಾಲಯದ ಹಿರಿಯ ಸಂಶೋಧಕಿ ತೆಲ್ಲೆರ್ವೊ ಹ್ಯುತಿನೆನ್ ನನ್ನನ್ನು ತಡೆದು ನಿಲ್ಲಿಸಿದರು.

"ಒಳಗೆ ಮಲಗಿರೋದು ಉಪ್ಪಿನ ಹರಳು ಕಣೋ. ಕಾಫಿ ಕುಡೀತಿದ್ದೋಳು ನಾನು. ನಾಳೆಯಿಂದ ಹಾಲು ಒಂಚೂರು ಜಾಸ್ತಿ ಹಾಕು."

ಹರಳು ಬೆಳೆಸುವುದೇ ಅವರ ಕಸುಬು. ತಾಂಪೆರೆ ಪಟ್ಟಣದ ಆಚೆ ಮರ ಕೊಯ್ಯುವ ಮಿಲ್ಲಿನ ಕೆಲಸಗಾರನ ಮಗಳು. ಬಣ್ಣದ ಕಾರ್ಖಾನೆಯಲ್ಲಿ ಶೀಶೆ ತೊಳೆಯುತ್ತಲೇ ಸಂಜೆ ತರಗತಿಗೆ ಹೋಗಿ ರಸಾಯನಶಾಸ್ತ್ರ ಕಲಿತವರು. ಮೊಮ್ಮಕ್ಕಳಾದ ಮೇಲೆ ಅವರಿಗೆ ಡಾಕ್ಟರೇಟಿನ ಹುಚ್ಚು ಹಿಡಿಯಿತು. ಸಾವಯವ ಅಮೋನಿಯಂ ಲವಣಗಳ ಹರಳಿನೊಳಗೆ ಯಾರು ಯಾರ ಪಕ್ಕ ಕೂರುತ್ತಾರೆ ಅನ್ನುವುದೇ ವಿಷಯ. ಹರಳಿಗೆ ಎಕ್ಸ್‌ರೇ ಹಾಯಿಸುವ ಯಂತ್ರ ನನ್ನ ಪಾಲಿಗೆ ಬಂದಿತ್ತು. ಗುಂಡಿ ಒತ್ತುವುದು ಗೊತ್ತಿತ್ತು, ಬಂದ ಚಿತ್ರ ಅರ್ಥವಾಗುತ್ತಿರಲಿಲ್ಲ.

ಅವರು ಸೌನಾ ಎಂಬ ಹಬೆಮನೆಯ ಲೆಕ್ಕದಲ್ಲಿ ವಿವರಿಸಿದರು. ಬಿಸಿ ಹಬೆಯಲ್ಲಿ, ಇಕ್ಕಟ್ಟಾದ ಹಲಗೆಯ ಮೇಲೆ ನೆಂಟರೆಲ್ಲ ಒತ್ತಿಕೊಂಡು ಕೂರುವ ಹಾಗೆ ಒಂದು ಅಮೋನಿಯಂ, ಒಂದು ಕ್ಲೋರೈಡ್, ಮತ್ತೆ ಅಮೋನಿಯಂ. ಅಮೋನಿಯಂ ತನ್ನ ಹೈಡ್ರೋಜನ್ ಕೈ ಚಾಚಿ ಪಕ್ಕದ ಕ್ಲೋರೈಡನ್ನು ಹಿಡಿದುಕೊಳ್ಳುತ್ತದೆ; ಹೈಡ್ರೋಜನ್ ಬಂಧ ಅಂದರೆ ಅಷ್ಟೇ. ಅಮೋನಿಯಂಗೆ ಅಂಟಿದ ಇಂಗಾಲದ ಬಾಲ ಉದ್ದವಾದಷ್ಟೂ ಕೂರಿಸುವುದು ಕಷ್ಟ, ನನ್ನಂಥ ಉದ್ದ ಕಾಲಿನವನು ಹಲಗೆ ಹತ್ತಿದರೆ ಸಾಲೆಲ್ಲ ಕೆಡುವಂತೆ, ಎಂದೂ ಸೇರಿಸಿದರು.

ಅವರು ಬೆಳೆಸುತ್ತಿದ್ದ ಲವಣಗಳ ಸರಣಿಯಲ್ಲಿ ಕೊನೆಯದರ ಬಾಲ ಎಲ್ಲಕ್ಕಿಂತ ಉದ್ದ. ಅದು ಹರಳಾಗದೆ ಜೇನಿನಂಥ ಎಣ್ಣೆಯಾಗಿ ತಳದಲ್ಲಿ ಕೂರುತ್ತಿತ್ತು. ಅದನ್ನು ಕೈಬಿಟ್ಟು ಪ್ರಬಂಧ ಮುಗಿಸಿ ಎಂದು ಅವರ ಮಾರ್ಗದರ್ಶಕ ಪ್ರೊಫೆಸರ್ ಇಸ್ಮೊ ಹೇಳಿ ಹೇಳಿ ಸಾಕಾದರು. ಕೊನೆಯದಿಲ್ಲದ ಸಾಲಿಗೆ ಅರ್ಥವೇ ಇಲ್ಲ, ಅದು ಬರುವ ತನಕ ಪದವಿಯೂ ಬೇಡ ಎಂದು ತೆಲ್ಲೆರ್ವೊ ಅವರ ಹಟ.

ನಡುಬೇಸಿಗೆಯ ಹಬ್ಬಕ್ಕೆ ಊರಿಗೆ ಊರೇ ಸರೋವರದ ದಂಡೆಗೆ ಓಡಿತು. ರಜೆ ಮುಗಿಸಿ ಬಂದು ಕೋಣೆ ತೆರೆದರೆ ಆ ಎಣ್ಣೆಯಿದ್ದ ಶೀಶೆಯ ಮುಚ್ಚಳ ಪಕ್ಕದಲ್ಲಿ ಬಿದ್ದಿತ್ತು. ಒಳಗೆ ತೆಳ್ಳನೆಯ ಗಾಜಿನ ಬಿಲ್ಲೆಗಳಂಥ ಹರಳು! ಯಂತ್ರಕ್ಕೆ ಕೊಟ್ಟೆವು. ಸಾಲಿನ ನಡುವೆ ಕರೆಯದೇ ಬಂದ ನೀರಿನ ಅಣುವೊಂದು ಆಚೆಗೊಂದು ಈಚೆಗೊಂದು ಕ್ಲೋರೈಡನ್ನು ಹಿಡಿದು ಎಲ್ಲವನ್ನೂ ಸಂಭಾಳಿಸುತ್ತಿತ್ತು. ತೆಲ್ಲೆರ್ವೊ ನನ್ನ ಬೆನ್ನಿಗೆ ಗುದ್ದಿದ ಗುದ್ದು ಇನ್ನೂ ನೆನಪಿದೆ.

ಮುಚ್ಚಳದ ಮಾತೆತ್ತಬೇಡಿ, 'ಗಾಳಿಯ ತೇವ ಬಳಸಿ ಬೆಳೆಸಲಾಯಿತು' ಎಂದು ಗಂಭೀರವಾಗಿ ಬರೆಯಿರಿ ಎಂದು ಇಸ್ಮೊ ಒತ್ತಾಯಿಸಿದರು. ತೆಲ್ಲೆರ್ವೊ ಗೊಣಗುತ್ತಲೇ ಬರೆದರು.

ಶರತ್ಕಾಲದಲ್ಲಿ ಪ್ರಬಂಧದ ಬಹಿರಂಗ ಪರೀಕ್ಷೆ. ಕಪ್ಪು ಉಡುಪಿನ ತೆಲ್ಲೆರ್ವೊ, ಎದುರಿಗೆ ಡೆನ್ಮಾರ್ಕಿನಿಂದ ಬಂದ ಪರೀಕ್ಷಕಿ, ಮುಂದಿನ ಸಾಲಿನಲ್ಲಿ ಮೊಮ್ಮಕ್ಕಳು. ಪದವಿ ಸಿಗುವುದೂ ತಪ್ಪುವುದೂ ಆ ಪರೀಕ್ಷಕಿಯ ಕೈಯಲ್ಲಿತ್ತು. ಎಲ್ಲ ಸಲೀಸಾಗಿ ಸಾಗಿ, ಕೊನೆಯ ಅಧ್ಯಾಯದಲ್ಲಿ ಆಕೆ ಕನ್ನಡಕ ತೆಗೆದರು.

"ಬೇರೆ ಲವಣಗಳಿಗೆಲ್ಲ ತೇವ ತಾಗದ ಹಾಗೆ ಕಾಪಾಡಿದೀರಿ. ಇದೊಂದಕ್ಕೆ ಮಾತ್ರ ನೀವೇ ತೇವ ಬಿಟ್ಟಿದೀರಿ. ಈ ಉಪಾಯ ನಿಮಗೆ ಹೊಳೆದದ್ದಾದ್ರೂ ಹೇಗೆ?"

ಇಸ್ಮೊ ಚಾವಣಿ ನೋಡತೊಡಗಿದರು. ನಾನು ಹಿಂದಿನ ಸಾಲಿನಲ್ಲಿ ಇನ್ನಷ್ಟು ಕುಗ್ಗಿ ಕೂತೆ.

"ಹೊಳೀಲಿಲ್ಲ ಪ್ರೊಫೆಸರ್," ಅಂದರು ತೆಲ್ಲೆರ್ವೊ. "ಬಸ್ಸು ತಪ್ಪಿಹೋಗತ್ತೆ ಅಂತ ಮುಚ್ಚಳ ಹಾಕೋದು ಮರೆತೆ. ಆಮೇಲೆ ಬೇಕಂತಲೇ ಮರೆತು ನೋಡಿದೆ, ಆಗಲೂ ಬಂತು."