ರಾಜಾಜಿನಗರದ ಬಯಲಲ್ಲಿ ದೋಣಿಯ ಗಾಳಿಯಂತ್ರ

1956ರ ಆಷಾಢದಲ್ಲಿ ಕುಂದಾಪುರದ ಹಾಯಿದೋಣಿಯೊಂದರ ಗಾಳಿಯಂತ್ರ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ದುರಸ್ತಿಯಾಯಿತು. ದೋಣಿ ಮಳೆಗಾಲಕ್ಕೆ ದಡ ಹತ್ತಿತ್ತು. ಮಾಲೀಕ ಸುಬ್ಬ ಖಾರ್ವಿಯವರು ಊರಿಂದ ಬೆಂಗಳೂರಿಗೆ ಮರಳುತ್ತಿದ್ದ ನನ್ನ ಜೊತೆ, ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದರು. ಗಾಳಿಗೆ ತಿರುಗಿ ಅದರ ವೇಗ ತೋರಿಸುವ ನಾಲ್ಕು ಬಟ್ಟಲುಗಳನ್ನು ಉಪ್ಪುನೀರು ತಿಂದುಹಾಕಿತ್ತು.

"ಇದ್ ತಿರ್ಗದಿದ್ರೆ ನಮ್ಮಣ್ಣ ಮತ್ತೆ ದೋಣಿ ಕಂಬಕ್ಕೆ ಕಟ್ಟೂಕೆ ಬಿಡುದಿಲ್ಲ. ಗಾಳಿ ಕಾಂಬುಕೆ ಬಟ್ಟೆ ಚೂರೇ ಸಾಕ್ ಅಂತ್ರ್" ಎಂದರು ಖಾರ್ವಿ.

ಫಿಟ್ಟರ್ ಮುನಿಯಪ್ಪ ಹೊಸ ಹಿತ್ತಾಳೆ ಬಟ್ಟಲುಗಳನ್ನು ಕೂಡಿಸಿ, ಒಂದಕ್ಕೆ ಬಾಯಿಂದ ಊದಿದರು. ಚಕ್ರ ಸುತ್ತಿತು. ಆದರೆ ಹೊರಗೆ ಖಾಲಿ ನಿವೇಶನಗಳ ಬಯಲಿಗೆ ಒಯ್ದಾಗ, ಅಷ್ಟು ಜೋರು ಗಾಳಿಯಲ್ಲೂ ಅದು ಕದಲಲಿಲ್ಲ. ಗಾಳಿಪಟ ಹಾರಿಸುತ್ತಿದ್ದ ಗುಮಾಸ್ತರೊಬ್ಬರು ದಾರ ಹಿಡಿದುಕೊಂಡೇ ಹತ್ತಿರ ಬಂದರು.

"ಏನ್ ಸಾರ್, ಇದಕ್ಕೆ ನಮ್ಮೂರ್ ಗಾಳಿ ಹಿಡಿಸ್ಲಿಲ್ವಾ?"

ಖಾರ್ವಿ ಬಟ್ಟಲುಗಳನ್ನು ನೋಡಿ ನಕ್ಕರು. ಪ್ರತಿ ಜೋಡಿಯಲ್ಲೂ ಎದುರುಬದುರಿನ ಬಟ್ಟಲುಗಳೆರಡೂ ಒಂದೇ ದಿಕ್ಕಿಗೆ ಬಾಯಿ ತೆರೆದಿದ್ದವು. ಗಾಳಿ ಎರಡನ್ನೂ ಸಮನಾಗಿ ತಳ್ಳುತ್ತಿದ್ದರಿಂದ ಚಕ್ರ ಯಾವ ಕಡೆಗೂ ತಿರುಗದೆ ನಿಂತಿತ್ತು.

"ಗ್ರೂಪ್ ಫೋಟೋಕ್ಕೆ ನಿಲ್ಸಿದ್ರಿಯಾ ಮಾರಾಯ್ರೆ? ಬಟ್ಲ್ ಒಂದರ ಹಿಂದೆ ಒಂದ್ ಓಡ್ಕ್ ಅಲ್ದಾ?"

"ಚೆನ್ನಾಗಿ ಕಾಣ್ಲಿ ಅಂತ ಹಂಗಿಟ್ಟೆ ಕಣಣ್ಣ. ತಾಳಿ, ತಿರುಗಿಸ್ತೀನಿ" ಎಂದು ಮುನಿಯಪ್ಪ ಪ್ರತಿ ಜೋಡಿಯಲ್ಲೂ ಒಂದು ಬಟ್ಟಲಿನ ಬಾಯಿ ಆಚೆಗೆ ತಿರುಗಿಸಿ ಬಿಗಿದರು.

ಖಾರ್ವಿ ಯಂತ್ರವನ್ನು ತಲೆಯ ಮೇಲೆತ್ತಿ ಹಿಡಿದರು. ಬಟ್ಟಲುಗಳು ಬೇರೆಬೇರೆಯಾಗಿ ಕಾಣದಷ್ಟು ರಭಸದಿಂದ ಸುತ್ತಿದವು. ಗುಮಾಸ್ತರು ಚಪ್ಪಾಳೆ ತಟ್ಟಲು ಹೋಗಿ ದಾರ ಬಿಟ್ಟರು. ಗಾಳಿಪಟ ಮಾಗಡಿ ರಸ್ತೆಯ ಕಡೆ ಹೋಯಿತು.

ಸಂಜೆ, ಊರಿಗೆ ಮರಳಲು ನಾನು ಹತ್ತಿಸಿದ ಮಾರ್ಕೆಟ್ ಬಸ್ಸು ಹೊರಟಾಗ ಖಾರ್ವಿ ಯಂತ್ರವನ್ನು ಕಿಟಕಿಯ ಹೊರಗೆ ಹಿಡಿದಿದ್ದರು. ಒಳಗೆ ತೆಗೆದುಕೊಳ್ಳುವಂತೆ ಕಂಡಕ್ಟರ್ ಹೇಳಿದ್ದು ಕೇಳಿಸಿತು. ಬಸ್ಸು ಮರೆಯಾಗುವಾಗಲೂ ಅದು ಹೊರಗೇ ತಿರುಗುತ್ತಿತ್ತು.