ಚಾವಿ ಹಿಡಿದವನ ದನಿ

ನಂಬುವವರು ನಂಬಿ, ಬಿಡುವವರು ಬಿಡಿ. ದೆವ್ವದ ಕಥೆ ಕಟ್ಟಿ ಹೊಟ್ಟೆ ಹೊರೆಯುವವನಲ್ಲ ನಾನು. ಅಫಜಲಪುರದಲ್ಲಿ ಡೀಸೆಲ್ ಪಿಕಪ್ ರಿಪೇರಿ ಮಾಡುವ ಮಿಸ್ತ್ರಿ. ಇದನ್ನು ಹೇಳಿ ನನಗೆ ಬಂದದ್ದೇನೂ ಇಲ್ಲ, ಹೋದದ್ದೇ ಹೆಚ್ಚು.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಈಗಿನ ಪಿಕಪ್‌ಗಳಲ್ಲಿ ಡೀಸೆಲ್ ಹರಿಯುವ ಉಕ್ಕಿನ ಪೈಪಿನೊಳಗೆ ವಿಪರೀತ ಒತ್ತಡ. ಅದನ್ನು ಹದದಲ್ಲಿಡಲು ರೆಗ್ಯುಲೇಟರ್ ಅಂತ ಒಂದು ಸಣ್ಣ ಭಾಗ ಇರುತ್ತದೆ. ಒತ್ತಡ ಇದ್ದಾಗ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಡೀಸೆಲ್ ಚರ್ಮ ತೂರಿ ಮಾಂಸಕ್ಕೆ ಇಳಿದು ಒಳಗೊಳಗೇ ಕೊಳೆಸುತ್ತದೆ.

ಹಳೇ ಗಾಡಿಗಳಲ್ಲಿ ಬೆರಳು ಒತ್ತಿ ಸೋರಿಕೆ ನೋಡುತ್ತಿದ್ದೆವು. ನನ್ನ ಪಾಲುದಾರ ಮೆಹಬೂಬನಿಗೆ ಆ ಚಟ ಹೋಗಿರಲಿಲ್ಲ. ಅದಕ್ಕೇ ನಮ್ಮಲ್ಲೊಂದು ಕಟ್ಟಳೆ ಮಾಡಿಕೊಂಡಿದ್ದೆವು. ಒಬ್ಬ ಗಾಡಿಯ ಚಾವಿ ಹಿಡಿದು ಸೀಟಿನಲ್ಲಿ ಕೂತು ಒತ್ತಡದ ಮೀಟರ್ ನೋಡಬೇಕು. ಇಂಜಿನ್ ಬಂದ್ ಮಾಡಿ, ಒತ್ತಡ ಸೊನ್ನೆಗೆ ಬಂದ ಮೇಲೆ "ಇಳೀತು" ಎಂದು ಕೂಗಬೇಕು. ಆಮೇಲೆಯೇ ಇನ್ನೊಬ್ಬ ಕೈ ಹಾಕಬೇಕು.

ಆ ರಾತ್ರಿ ಮಣ್ಣೂರಿನ ರಸ್ತೆಯಲ್ಲಿ ಸಿದ್ದರಾಮ ಎಂಬ ಡ್ರೈವರನ ಪಿಕಪ್ ಏರು ಹತ್ತಲಾರದೆ ನಿಂತಿತ್ತು. ಹಿಂದೆ ಲಿಂಬೆಹಣ್ಣಿನ ಲೋಡು. ಎರಡೂ ಬದಿಗೆ ಕಬ್ಬು, ಕತ್ತಲು... ಒಂದು ನಾಯಿಯ ದನಿಯೂ ಇಲ್ಲ.

"ಇಷ್ಟು ಲಿಂಬಿ ನೋಡಿದ್ರ ದೆವ್ವನೂ ಓಡಿ ಹೋಗ್ತದ ಬಿಡಲೇ," ಎಂದು ನಗುತ್ತ ಮೆಹಬೂಬ ಬಾನೆಟ್ ಎತ್ತಿದ.

ನಾನು ಸೀಟಿಗೆ ಹತ್ತಿ ಮೀಟರ್ ಜೋಡಿಸಿದೆ. ಸಿದ್ದರಾಮ ನನ್ನ ಬಾಗಿಲ ಪಕ್ಕದಲ್ಲಿ ನಿಂತು ಬೀಡಿ ಹಚ್ಚಿದ. ಎತ್ತಿದ ಬಾನೆಟ್ ಅಡ್ಡವಾಗಿ ಮೆಹಬೂಬ ಕಾಣುತ್ತಿರಲಿಲ್ಲ, ಅವನ ಟಾರ್ಚಿನ ಬೆಳಕಷ್ಟೇ ಅಲ್ಲಾಡುತ್ತಿತ್ತು.

ಇಂಜಿನ್ ಶುರು ಮಾಡಿ ನೋಡಿ, ಬಂದ್ ಮಾಡಿದೆ. ಒತ್ತಡ ಕ್ಷಣದಲ್ಲೇ ಸೊನ್ನೆಗೆ ಬೀಳಬೇಕು. ಬೀಳಲಿಲ್ಲ. ಏರತೊಡಗಿತು!

ಇಂಜಿನ್ ತಿರುಗುತ್ತಿಲ್ಲ, ಪಂಪು ತಿರುಗುತ್ತಿಲ್ಲ... ಒತ್ತಡ ಎಲ್ಲಿಂದ ಬರಬೇಕು? ಮೀಟರ್ ಕಿತ್ತು ಮತ್ತೆ ಸಿಕ್ಕಿಸಿದೆ. ಅಂಕಿ ಇನ್ನೂ ಮೇಲಕ್ಕೆ ಹೋಯಿತು. ಲಿಂಬೆಯ ಹುಳಿವಾಸನೆಯೊಳಗೆ ಏನೋ ಸುಟ್ಟ ಕಮಟು ಸೇರಿಕೊಂಡಿತು.

ಆಗಲೇ ಕೇಳಿಸಿತು.

"ಇಳೀತು ಲೇ... ಹಾಕು ಕೈ."

ನನ್ನ ದನಿ. ತಂಬಾಕಿಗೆ ಒಡೆದ ನನ್ನದೇ ಗಂಟಲು. ಆದರೆ ಬಂದದ್ದು ಬಾನೆಟ್ಟಿನ ಕಡೆಯಿಂದ. ನಾನು ತುಟಿ ಪಿಟಕ್ ಅಂದಿರಲಿಲ್ಲ, ನನ್ನ ತಾಯಿಯಾಣೆ.

"ಮೆಹಬೂಬಾ! ಬ್ಯಾಡ! ಕೈ ತಗೀ!"

ಚುಸ್... ಎಂದಿತು. ಅಷ್ಟೇ.

ಓಡಿಹೋದರೆ ಅವನು ನಗುತ್ತಿದ್ದ. ತೋರುಬೆರಳ ತುದಿಯಲ್ಲಿ ಸಾಸಿವೆಯಷ್ಟು ಚುಕ್ಕೆ. ರಕ್ತವೂ ಇಲ್ಲ.

"ಮಚ್ಚರ ಕಡದಂಗಾತು, ಅಷ್ಟ. ನೀನ ಇಳೀತು ಅಂತಿ, ನೀನ ಬ್ಯಾಡ ಅಂತ ಒದರ್ತಿ. ತಲಿ ಕೆಟ್ಟದೇನ್ಲೇ ಶರಣ್ಯಾ?"

ಅವನು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಅದೇ ಕೈಯಿಂದ ಕೆಲಸಕ್ಕೆ ನಿಂತ. ನಾನು ಕಾಲು ಹಿಡಿಯುವುದೊಂದು ಬಾಕಿ. ಬೈದು, ಎಳೆದು, ನಾವು ಬಂದಿದ್ದ ಬೈಕಿನ ಮೇಲೆ ಕೂರಿಸಿಕೊಂಡೆ. ಗೊಬ್ಬೂರು ದಾಟುವಾಗ ಅವನು ನನ್ನ ಬೆನ್ನಿಗೆ ಹಣೆ ಹಚ್ಚಿ ನರಳತೊಡಗಿದ್ದ. ಕಲಬುರಗಿಯ ದವಾಖಾನೆ ಮುಟ್ಟುವಷ್ಟರಲ್ಲಿ ಅಂಗೈ ಬಾತು ಬೆಳ್ಳಗಾಗಿತ್ತು. ಸೀಳಿದರು, ತೊಳೆದರು, ಮತ್ತೆ ಸೀಳಿದರು. ಕೊನೆಗೆ ಮೊಣಕೈವರೆಗೆ ತೆಗೆದೇಬಿಟ್ಟರು. ಬಲಗೈ! ಮಿಸ್ತ್ರಿಗೆ ಅದು ಹೋದ ಮೇಲೆ ಇನ್ನೇನು ಉಳಿಯಿತು?

"ನಾ ಅಂದಿಲ್ಲೋ ಮೆಹಬೂಬಾ," ಎಂದು ಅವನ ಮಂಚದ ಬಳಿ ಅತ್ತೆ.

ಅವನು ಗೋಡೆಯ ಕಡೆ ತಿರುಗಿದ. "ನಿನ್ನ ದನಿ ನನಗ ಗೊತ್ತಿಲ್ಲೇನು?"

ಸಿದ್ದರಾಮನನ್ನು ಕರೆತಂದೆ. ಪಕ್ಕದಲ್ಲೇ ನಿಂತಿದ್ದನಲ್ಲ, ಸಾಕ್ಷಿ ಹೇಳಲಿ ಎಂದು. ಆ ಪುಣ್ಯಾತ್ಮ ನೆಲ ನೋಡುತ್ತ ಅಂದ, "ನಾನೂ ಕೇಳೀನ್ರಿ. ಅದು ನಿಮ್ದ ದನಿ."

ಆ ಪಿಕಪ್ ಈಗಲೂ ಓಡುತ್ತಿದೆ. ಬೇರೆ ಮಿಸ್ತ್ರಿ ನೋಡಿದನಂತೆ, ರೆಗ್ಯುಲೇಟರ್ ಚೆನ್ನಾಗಿಯೇ ಇತ್ತಂತೆ.

ಕಳೆದ ಶುಕ್ರವಾರ ಮೆಹಬೂಬನ ಮನೆಗೆ ಹೋಗಿದ್ದೆ. ಹೊರಗಿನಿಂದ ಹೆಸರು ಹಿಡಿದು ಕರೆದೆ. ಒಳಗೆ ಲೋಟ ಬಿದ್ದ ಸದ್ದಾಯಿತು. ಬಾಗಿಲ ಸಂದಿಯಲ್ಲಿ ಇಣುಕಿದರೆ, ನನ್ನ ದನಿ ಕೇಳಿ ಅವನು ಉಳಿದ ಎಡಗೈಯನ್ನು ಅಂಗಿಯೊಳಗೆ ಎಳೆದುಕೊಂಡಿದ್ದ. ಅವನ ಹೆಂಡತಿ ಬಾಗಿಲಿಗೆ ಬಂದಳು.

"ಬರ್ರಿ ಅಣ್ಣಾ, ಕೂಡ್ರಿ, ಚಾ ಕುಡೀರಿ," ಎಂದು ಸೆರಗು ಬಾಯಿಗೆ ಹಿಡಿದಳು. "ಮಾತಾಡಬ್ಯಾಡ್ರಿ ಅಷ್ಟ."

ಆದರೂ ಒಳಗೆ ಹೋಗಿ ಕೂತೆ. ಅವನೊಂದು ಮೂಲೆ, ನಾನೊಂದು ಮೂಲೆ. ಅವಳು ಕೊಟ್ಟ ಲೋಟ ಎತ್ತಿ ಬಾಯಿಗೆ ಒಂದು ಗುಟುಕು ತುಂಬಿಕೊಂಡೆ.

ಮೆಹಬೂಬ ಬೆಚ್ಚಿಬಿದ್ದ. ಮುಖವೆಲ್ಲ ಬೆವರು.

"ಮತ್ತ 'ಇಳೀತು' ಅಂದಿ ನೋಡು," ಎಂದು ಹೆಂಡತಿಯ ಕಡೆ ನೋಡಿದ. ಅವಳು ಹೌದೆಂಬಂತೆ ನನ್ನನ್ನೇ ದಿಟ್ಟಿಸುತ್ತಿದ್ದಳು.

ನನ್ನ ಬಾಯಿ ತುಂಬ ಚಹಾ ಇತ್ತು.