ಅರ್ಧದೊಳಗೆ ಕಾಲು ಎಷ್ಟು ಸಲ

ಗೋಕಾಕದಿಂದ ಹುಕ್ಕೇರಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಅಜ್ಜ ನನ್ನ ಪಕ್ಕ ಬಂದು ಕುಳಿತ. ಹೆಗಲ ಮೇಲೆ ಮಳೆಯಲ್ಲಿ ತೊಯ್ದ ಕರಿ ಕಂಬಳಿ. ಹಸಿ ಉಣ್ಣೆಯ ವಾಸನೆಗೆ ಮುಂದಿನ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಕಿಟಕಿಯ ಗಾಜು ಎಳೆದು ಮುಚ್ಚಿ ಆ ವಾಸನೆಯನ್ನು ಒಳಗೇ ಉಳಿಸಿಕೊಂಡೆ.

ಹೈಸ್ಕೂಲಿನ ನನ್ನ ಮಳೆಗಾಲಗಳೆಲ್ಲ ಕಳೆದದ್ದು ಅಂಥದೇ ಒಂದು ಕಂಬಳಿಯ ಕೆಳಗೆ. ನನ್ನ ಗೆಳತಿಯ ಅಪ್ಪ ಕುರಿ ಕಾಯುತ್ತಿದ್ದ. ಮೂಡಲಗಿಯ ಆಚೆಗಿನ ನಮ್ಮೂರಿನ ಕೊನೆಯ ಓಣಿಯಲ್ಲಿ ಅವರ ಮನೆ. ಮಳೆ ಹಿಡಿಯಿತೆಂದರೆ ಅವಳು ಅಪ್ಪನ ಕಂಬಳಿ ಹೊತ್ತು ಬರುತ್ತಿದ್ದಳು. ಇಬ್ಬರೂ ಅದರೊಳಗೆ ತಲೆ ತೂರಿಸಿಕೊಂಡು ಶಾಲೆಯ ಹಾದಿ ಹಿಡಿಯುತ್ತಿದ್ದೆವು. ಉಳಿದ ಹುಡುಗಿಯರು ಸಿನಿಮಾದ ಕಥೆ ಹೇಳಿಕೊಳ್ಳುತ್ತಿದ್ದರೆ ಇವಳದು ಬರೀ ಅಂಕಿಗಳ ಮಾತು.

“ಒಂಬತ್ತರ ಮಗ್ಗ್ಯಾಗಿನ ಯಾವ ಉತ್ತರರೇ ತಗೋ, ಅದರ ಅಂಕಿ ಕೂಡಿಸಿ ನೋಡ. ಹೊಳ್ಳಿ ಮಳ್ಳಿ ಒಂಬತ್ತಕ್ಕ ಬಂದ ನಿಂದರ್ತೈತಿ. ಯಾಕ ಹೇಳ ನೋಡೂಣು?”

ಆ ‘ಯಾಕ’ ಎಂಬುದು ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ನನಗೆ ಗಣಿತವೆಂದರೆ ಹೊಟ್ಟೆಯಲ್ಲಿ ಕಲ್ಲು ಹಾಕಿದಂತೆ. ಅವಳಿಗೆ ಅದು ಆಟ. ಅರಭಾವಿಯಲ್ಲಿ ಬಸ್ಸಿಳಿದು ತೋಟಗಾರಿಕೆ ಕಾಲೇಜಿಗೆ ಹೋಗುವ ಹುಡುಗಿಯರನ್ನು ಒಮ್ಮೆ ನೋಡಿ ಬಂದಿದ್ದಳು. “ನಾನೂ ಅಲ್ಲೇ ಕಲಿಯಾಕಿ. ವಿಜ್ಞಾನ, ಗಣಿತ ಬೇಕಂತ. ಗಣಿತದ್ದೇನ ಬಿಡು...” ಎಂದು ನಕ್ಕಿದ್ದಳು. ಆ ನಗುವಿನಲ್ಲಿ ಎಷ್ಟು ಧೈರ್ಯವಿತ್ತು!

ಎಂಟನೆಯ ತರಗತಿಯಲ್ಲಿ ನಮಗೆ ಗಣಿತದ ಸರ್ ಸಿಕ್ಕರು. ‘ಅವರು’ ಎಂದು ಬರೆಯಲು ಇವತ್ತಿಗೂ ನನ್ನ ಕೈ ಒಪ್ಪುವುದಿಲ್ಲ. ರೂಢಿ ಬಿಡುವುದಿಲ್ಲ, ಬರೆಯುತ್ತೇನೆ. ಉತ್ತರ ಬಾರದವರಿಗೆ ಅವರು ತಾವೇ ಹೊಡೆಯುತ್ತಿರಲಿಲ್ಲ. ಉತ್ತರ ಹೇಳಿದವರ ಕೈಯಿಂದ ಹೊಡೆಸುತ್ತಿದ್ದರು. ಎಡಗೈಯಿಂದ ಮೂಗು ಹಿಡಿದು ಬಲಗೈಯಿಂದ ಕಪಾಳಕ್ಕೆ. ಮೆಲ್ಲಗೆ ಹೊಡೆದರೆ ಹೊಡೆದವರಿಗೇ ಇನ್ನೊಬ್ಬರಿಂದ ಏಟು. ಹೀಗೆ ಗೆಳೆಯರು ಗೆಳೆಯರನ್ನು ಹೊಡೆಯುತ್ತಿದ್ದುದನ್ನು ಅವರು ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಇದಕ್ಕೆ ನಮ್ಮೂರು ಇಟ್ಟ ಹೆಸರು ಶಿಸ್ತು.

ಆ ದಿನ ಭಿನ್ನರಾಶಿಯ ಭಾಗಾಕಾರ. “ಎರಡನೇದನ್ನ ತಲಿಕೆಳಗ ಮಾಡಿ ಗುಣಸ್ರಿ” ಎಂದರು ಸರ್. ಗೆಳತಿ ಎದ್ದು ನಿಂತು, “ಯಾಕ್ರೀ ಸರ್ ತಲಿಕೆಳಗ ಮಾಡೂದು?” ಎಂದು ಕೇಳಿದಳು. “ಹೇಳಿದ್ದಷ್ಟ ಮಾಡ” ಎಂದು ಕೂರಿಸಿದರು. ಆಮೇಲೆ ನನ್ನನ್ನು ಬೋರ್ಡಿಗೆ ಕರೆದರು. ಅರ್ಧವನ್ನು ಕಾಲಿನಿಂದ ಭಾಗಿಸಬೇಕು. ಭಾಗಿಸಿದರೆ ಸಣ್ಣದಾಗಲೇಬೇಕೆಂದು ನಂಬಿದ್ದ ನಾನು ಒಂದರ ಕೆಳಗೆ ಎಂಟು ಬರೆದೆ. ತರಗತಿ ನಕ್ಕಿತು. ಸರ್ ಅವಳತ್ತ ಬೆರಳು ಮಾಡಿದರು.

“ಎರಡ್ರಿ ಸರ್” ಎಂದಳು.

“ಹೂಂ, ಹೋಗ. ಆಕಿ ಮೂಗ ಹಿಡಿ.”

ಅವಳು ನನ್ನೆದುರು ಬಂದು ನಿಂತಳು. ನಾನು ಕಣ್ಣು ಮುಚ್ಚಿ ಮುಖ ಮುಂದೊಡ್ಡಿದೆ... ಏಟು ಬೀಳಲಿಲ್ಲ. ಕಣ್ಣು ತೆರೆದರೆ ಅವಳು ಸರ್ ಕಡೆ ತಿರುಗಿ ನಿಂತಿದ್ದಳು.

“ನಾ ಹೊಡ್ಯಾಂಗಿಲ್ರಿ. ಆಕಿಗೆ ತಿಳದಿಲ್ಲ, ಅಷ್ಟರೀ. ತಿಳಿಸಿ ಹೇಳಿದ್ರ ತಿಳೀತೈತ್ರಿ.”

ಮೊದಲ ಸಲ ಸರ್ ಕುರ್ಚಿ ಬಿಟ್ಟು ಎದ್ದು ಬಂದರು. ಅವರು ಹೊಡೆದ ಸಪ್ಪಳಕ್ಕೆ ಆಚೆಯ ಕೋಣೆಯ ಪಾಠ ನಿಂತಿತು. “ಕುರಿ ಕಾಯೂ ಮಂದಿ ನನಗ ಕಲಸಾಕ ಬಂದಾರ! ಇನ್ನ ಮ್ಯಾಲೆ ನನ್ನ ಪೀರಿಯಡ್‌ನ್ಯಾಗ ನೀ ಬಾಯಿ ತಗದೀ ಅಂದ್ರ ನೋಡ” ಎಂದರು. ಅವಳು ಅಳಲಿಲ್ಲ. ಸಂಜೆ ಮಳೆಗೆ ಬಸ್‌ಸ್ಟಾಪಿನಲ್ಲಿ ನಿಂತಾಗ ಅವಳ ಕೆನ್ನೆಯ ಮೇಲೆ ಬೆರಳಿನ ಬರೆಗಳು ಹಾಗೇ ಇದ್ದವು. ಅಲ್ಲಿಯೇ ಕಲ್ಲಿನ ಕಟ್ಟೆಯ ಮೇಲೆ ಕಂಬಳಿ ಹಾಸಿ ಒಂದು ಸಲ ಮಡಚಿದಳು. “ಇದು ಅರ್ಧ.” ಇನ್ನೊಂದು ಸಲ ಮಡಚಿದಳು. “ಇದು ಕಾಲು. ಈಗ ಹೇಳ, ಅರ್ಧದಾಗ ಕಾಲು ಎಷ್ಟ ಸಲ ಕುಂದರ್ತೈತಿ?”

“ಎರಡ ಸಲ.”

“ಮತ್ತ? ಅಷ್ಟ ನೋಡ ಭಾಗಾಕಾರ ಅಂದ್ರ.”

ಒಂದು ನಿಮಿಷ ಕೂಡ ಹಿಡಿಯಲಿಲ್ಲ. ಇಷ್ಟು ಹೇಳುವುದಕ್ಕೆ ಸಂಬಳ ತೆಗೆದುಕೊಳ್ಳುವ ಮನುಷ್ಯನಿಗೆ ಏನಾಗಿತ್ತು? ಈಗ ನಾನೂ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ “ಇವಕ್ಕ ಗಣಿತದ ತಲಿನ ಇಲ್ಲ ಬಿಡ್ರಿ” ಎಂದರೆ ಮೈಯೆಲ್ಲ ಉರಿಯುತ್ತದೆ. ತಲೆ ಎಲ್ಲರಿಗೂ ಇರುತ್ತದೆ. ಕಪಾಳಕ್ಕೆ ಏಟು ಬಿದ್ದೀತೆಂದು ಕಾಯುವ ತಲೆಯೊಳಗೆ ಭಿನ್ನರಾಶಿಗೆ ಜಾಗವೆಲ್ಲಿ?

ಸರ್ ಮತ್ತೆ ಅವಳ ಮೈ ಮುಟ್ಟಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದರು. ಅವಳು ಕೈಯೆತ್ತಿದರೆ ಗೋಡೆ ನೋಡಿದರು. ಸರಿಯಾದ ಉತ್ತರದ ಮೇಲೆ ‘ಪದ್ಧತಿ ತಪ್ಪು’ ಎಂದು ಕೆಂಪು ಗೆರೆ ಎಳೆದರು. ಮೊದಮೊದಲು ಅವಳು ವಾದಿಸಲು ಹೊರಟಳು. ಬರಬರುತ್ತ ತನ್ನ ಉತ್ತರವನ್ನೇ ಅಳಿಸಿ ಪಕ್ಕದವರದು ನೋಡತೊಡಗಿದಳು. ಆಮೇಲೆ ಲೆಕ್ಕಗಳನ್ನು ಕಂಠಪಾಠ ಮಾಡಿದಳು... ಲೆಕ್ಕವನ್ನು, ಕಂಠಪಾಠ! ಮಳೆಯ ಹಾದಿಯಲ್ಲಿ ‘ಯಾಕ’ ಎಂಬ ಮಾತು ಯಾವಾಗ ನಿಂತಿತೋ ನನಗೆ ತಿಳಿಯಲೇ ಇಲ್ಲ. ಹತ್ತನೆಯ ತರಗತಿಗೆ ಬಂದಾಗ ಗಣಿತದ ಪರೀಕ್ಷೆಯ ದಿನ ಬೆಳಿಗ್ಗೆ ಶಾಲೆಯ ಹಿತ್ತಲಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಳು. ನಾನು ಅವಳ ಬೆನ್ನು ಸವರುತ್ತ ನಿಲ್ಲುತ್ತಿದ್ದೆ.

ಅವಳಪ್ಪ ಒಮ್ಮೆ ಶಾಲೆಗೆ ಬಂದಿದ್ದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈ ಕಟ್ಟಿಕೊಂಡು ಮಗಳ ಬಗ್ಗೆ ಕೇಳಿದ. “ನಿನ್ನ ಮಗಳ ತಲಿ ದಪ್ಪ ಐತಿ, ಗಣಿತ ಹತ್ತಾಂಗಿಲ್ಲ” ಎಂದರು ಸರ್. ಆತ ಚಪ್ಪಲಿ ಮೆಟ್ಟಿಕೊಂಡು ಹೊರಟ. “ಸರ್ ಹೇಳ್ಯಾರ ಅಂದಮ್ಯಾಲೆ ಖರೇನ ಇರಬೇಕ” ಎಂದು ಮನೆಯಲ್ಲಿ ಹೇಳಿದನಂತೆ. ಮೈಗೆ ನೋವು ಮಾಡದೆ ಒಂದು ಮಗುವನ್ನು ಮುಗಿಸುವುದು ಹೀಗೆ.

ಅವಳು ಗಣಿತದಲ್ಲಿ ನಪಾಸಾದಳು. ಅವಳಿಂದ ಕಲಿತ ನಾನು ಪಾಸಾದೆ. ಮತ್ತೆ ಪರೀಕ್ಷೆಗೆ ಕೂರು ಎಂದು ಗೋಗರೆದರೆ, “ಒಲ್ಲೆವಾ, ಮತ್ತ ಆ ಪೇಪರ್ ಮುಟ್ಟೂದ ಬ್ಯಾಡ” ಎಂದಳು. ಮುಂದಿನ ವರ್ಷ ಬೆಲ್ಲದ ಬಾಗೇವಾಡಿಗೆ ಕೊಟ್ಟು ಮದುವೆ ಮಾಡಿದರು. ನಾನು ಕಾಲೇಜು, ನೌಕರಿ ಎಂದು ಎತ್ತೆತ್ತಲೋ ಹೋದೆ...

ಹೋದ ವರ್ಷ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಗುರುವಂದನೆ ಇಟ್ಟುಕೊಂಡರು. ಸರ್‌ಗೆ ಶಾಲು, ಹಣ್ಣು, ಪೇಟ. “ಸರ್ ಹೊಡದಿದ್ದಕ್ಕ ನಾವು ಮನಶ್ಯಾರ ಆದ್ವಿ” ಎಂದು ಮೈಕಿನಲ್ಲಿ ಒಬ್ಬೊಬ್ಬರಾಗಿ ಹೇಳಿದರು. ಆಗದೇ ಹೋದವರನ್ನು ಯಾರೂ ಕರೆದಿರಲಿಲ್ಲ. ಅವರು ಮೈಕಿನ ಮುಂದೆ ನಿಲ್ಲುವುದೂ ಇಲ್ಲ. ನಾನು ಊಟ ಮಾಡದೆ ಎದ್ದು ಬಂದೆ.

ಈಗ ಬಸ್ಸಿನಲ್ಲಿ ಅಜ್ಜನ ಪಕ್ಕ ಕುಳಿತು ಹೊರಟದ್ದೂ ಬಾಗೇವಾಡಿಗೇ, ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ. ಅದನ್ನು ಮುಗಿಸಿಕೊಂಡು ಕೇಳುತ್ತ ಕೇಳುತ್ತ ಗೆಳತಿಯ ಮನೆ ಹುಡುಕಿದೆ. ಗುರುತು ಹಿಡಿದು ಓಡಿ ಬಂದು ತಬ್ಬಿಕೊಂಡಳು. ಒಳಗೆ ಅವಳ ಮಗಳು ಶಾಲೆಯ ಪುಸ್ತಕ ಹರವಿಕೊಂಡು ಕಣ್ಣೀರು ಒರೆಸಿಕೊಳ್ಳುತ್ತಿದ್ದಳು.

“ಗಣಿತ ಬರವಲ್ದಂತ ಅಳಾಕತ್ತಾಳ. ನಮ್ಮ ಮನಿತಾನಕ್ಕ ಅದು ಹತ್ತೂದಲ್ಲ ಬಿಡವಾ. ನಾನೂ ಸಾಲ್ಯಾಗ ದಡ್ಡೀನ ಇದ್ದೆ” ಎಂದು ಗೆಳತಿ ನಕ್ಕಳು.

“ನೀ ದಡ್ಡೀನ? ನನಗ ಭಾಗಾಕಾರ ಕಲಿಸಿದಾಕಿ ನೀನ. ಕಂಬಳಿ ಮಡಚಿ ತೋರಿಸಿದ್ದಿ!”

“ನಾನ? ಬ್ಯಾರೆ ಯಾರರೇ ಇರಬೇಕ ನೋಡ.”

“ಸರ್ ಹೊಡದದ್ದರೇ ನೆನಪೈತಿಲ್ಲೋ?”

ನಗು ನಿಂತಿತು. ಅವಳ ಕೈ ತಾನಾಗಿ ಕೆನ್ನೆಗೆ ಹೋಯಿತು. “ಅದನ್ನ ಹೆಂಗ ಮರೀಲಿ? ಉತ್ತರ ಬರಲಿಲ್ಲ ಅಂತ ಹೊಡದ್ರು.”

ನಾನು ಅವಳ ತೋಳು ಹಿಡಿದೆ. ಇಲ್ಲ, ನೀನು ಉತ್ತರ ಹೇಳಿದ್ದೆ, ಎರಡು ಅಂದಿದ್ದೆ, ಹೊಡೆಯಲು ಒಲ್ಲೆ ಅಂದದ್ದಕ್ಕೆ ಏಟು ಬಿತ್ತು ಎಂದು ಹೇಳುತ್ತ ಹೋದೆ. ದನಿ ಎಷ್ಟು ಏರಿತ್ತೋ, ಓಣಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಅವಳು ನನ್ನ ಕೈ ಅದುಮಿ, “ಇರ್ಲಿ ಬಿಡ, ಚಾ ಮಾಡ್ತೇನಿ” ಎಂದು ಒಳಗೆ ಹೋದಳು. ಏಟನ್ನು ಅವಳಲ್ಲೇ ಬಿಟ್ಟು, ಉತ್ತರವನ್ನು ಮಾತ್ರ ಸರ್ ಅವಳೊಳಗಿಂದ ಕಿತ್ತುಕೊಂಡು ಹೋಗಿದ್ದರು. ಶಾಲು ಹೊದಿಸಿಕೊಂಡು ಆರಾಮವಾಗಿದ್ದಾರೆ.

ಹೊರಡುವಾಗ ಮಗಳು ಬಾಗಿಲತನಕ ಬಂದಳು. ಮೆಲ್ಲಗೆ ಕೇಳಿದಳು: “ಆಂಟಿ, ನಮ್ಮವ್ವಗ ಖರೇನ ಗಣಿತ ಬರ್ತಿತ್ತೇನ್ರಿ?”

“ಖರೆ. ನಮ್ಮ ಇಡೀ ಸಾಲ್ಯಾಗ ಆಕಿಗೇ ಬರ್ತಿತ್ತು.”

ಹುಡುಗಿ ಒಳಗೆ ತಿರುಗಿ ನೋಡಿದಳು. ಅಡುಗೆಮನೆಯಿಂದ ಗೆಳತಿಯ ದನಿ ಬಂತು: “ನಿನಗ ಸಮಾಧಾನ ಮಾಡಾಕ ಸುಳ್ಳ ಹೇಳಾಕತ್ತಾಳ, ನಂಬಬ್ಯಾಡ.”